ಕಂಬದ ಮೇಲಿನ ಇಕ್ಯೂ6-ಆರ್ ಪ್ರೊ: ಹಿತ್ತಲ ವೀಕ್ಷಣಾಲಯಕ್ಕೆ ಈ ಮೌಂಟ್ ಸಾಕೇ?

ಸ್ಕೈ-ವಾಚರ್ ಇಕ್ಯೂ6-ಆರ್ ಪ್ರೊ ಒಂದು ಮೌಂಟ್, ಅಂದರೆ ದೂರದರ್ಶಕವನ್ನು ಹೊತ್ತು ನಕ್ಷತ್ರಗಳನ್ನು ಹಿಂಬಾಲಿಸುವ ಯಂತ್ರ. ಇದರ ಬಗೆಗಿನ ವಿಮರ್ಶೆಗಳಲ್ಲಿ ಮೊದಲು ಬರುವುದು ತೂಕದ ಗೋಳು. ಮೌಂಟಿನ ತಲೆಯೇ 17.3 ಕೆಜಿ, ಮೂರು ಕಾಲಿನ ಸ್ಟ್ಯಾಂಡ್ 7.5 ಕೆಜಿ, ಮೇಲೆ ತಲಾ 5 ಕೆಜಿಯ ಎರಡು ಕೌಂಟರ್‌ವೇಟ್ (ದೂರದರ್ಶಕಕ್ಕೆ ಎದುರು ತೂಗಿಸುವ ಬಿಲ್ಲೆ). ಸಂಜೆ ಹೊತ್ತು ಹೊರಗಿಟ್ಟು ಬೆಳಗಿನ ಜಾವ ಒಳಗೆ ತರುವವರಿಗೆ ಈ ದೂರು ಸರಿಯೇ. ಹಿತ್ತಲಲ್ಲಿ ಜಾರುವ ಛಾವಣಿಯ ಗೂಡು ಕಟ್ಟಿ, ಕಾಂಕ್ರೀಟ್ ಬುಡದಿಂದ ಎದ್ದ ಉಕ್ಕಿನ ಕಂಬಕ್ಕೆ ಇದನ್ನು ಬಿಗಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಆಗ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಕರೆಂಟ್ ಹೋಗಿ ಬಂದರೆ ತಾನು ಎತ್ತ ಮುಖ ಮಾಡಿ ನಿಂತಿದ್ದೇನೆಂದು ಇದಕ್ಕೆ ಗೊತ್ತಿರುತ್ತದೆಯೇ? ಮೂರು ತಿಂಗಳು ಮುಟ್ಟದೆ ಬಿಟ್ಟರೆ ಗ್ರೀಸ್ ಏನಾಗುತ್ತದೆ? ಛಾವಣಿ ಮುಚ್ಚುವಾಗ ದೂರದರ್ಶಕದ ಟ್ಯೂಬ್ ಅಡ್ಡ ನಿಂತಿದ್ದರೆ ಗತಿ ಏನು? ತಿರುಗಾಟಕ್ಕೆಂದು ಮಾಡಿದ ಮೌಂಟ್ ಒಂದೇ ಕಡೆ ನೆಲೆನಿಂತರೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಒಳಗಿನ ಯಂತ್ರ

ಮೌಂಟಿಗೆ ಎರಡು ಅಕ್ಷ: ಪೂರ್ವ-ಪಶ್ಚಿಮಕ್ಕೆ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಆರ್‌ಎ, ಉತ್ತರ-ದಕ್ಷಿಣಕ್ಕೆ ತಿರುಗುವ ಡೆಕ್. ಆರ್‌ಎ ಅಕ್ಷದಲ್ಲಿ 180 ಹಲ್ಲಿನ ವರ್ಮ್ ಚಕ್ರವಿದೆ; ವರ್ಮ್ ಎಂಬ ತಿರುಪಿನಂಥ ಗೇರು ಒಂದು ಸುತ್ತು ಸುತ್ತಿದರೆ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. ನಕ್ಷತ್ರ ದಿನದ 86,164 ಸೆಕೆಂಡನ್ನು 180ರಿಂದ ಭಾಗಿಸಿದರೆ ವರ್ಮ್ ಒಂದು ಸುತ್ತು ಮುಗಿಸಲು ಸುಮಾರು 479 ಸೆಕೆಂಡ್, ಅಂದರೆ ಎಂಟು ನಿಮಿಷಕ್ಕೆ ಒಂದೆರಡು ಸೆಕೆಂಡ್ ಕಡಿಮೆ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮೋಟರಿನಿಂದ ವರ್ಮ್‌ಗೆ ಹಳೆಯ ಇಕ್ಯೂ6ರಲ್ಲಿದ್ದ ಹಿತ್ತಾಳೆ ಗೇರುಗಳ ಬದಲು ಇದರಲ್ಲಿ ಹಲ್ಲಿನ ಬೆಲ್ಟ್ ಇದೆ. ಸದ್ದು ಕಡಿಮೆಯಾಗಿದೆ, ಆ ಗೇರುಗಳು ಹುಟ್ಟಿಸುತ್ತಿದ್ದ ಸಣ್ಣ ನಡುಕವೂ ಹೋಗಿದೆ. ಆದರೆ ‘ಬೆಲ್ಟ್ ಇದೆ, ಬ್ಯಾಕ್‌ಲ್ಯಾಷ್ ಇಲ್ಲ’ ಎಂಬ ಮಾರಾಟದ ಮಾತು ಅರ್ಧ ಸತ್ಯ. ಬ್ಯಾಕ್‌ಲ್ಯಾಷ್ ಎಂದರೆ ಹಲ್ಲುಗಳ ನಡುವಿನ ಸಡಿಲ. ಬೆಲ್ಟ್ ಕಳೆದದ್ದು ಗೇರುಗಳ ನಡುವಿನ ಸಡಿಲವನ್ನು ಮಾತ್ರ. ವರ್ಮ್ ಮತ್ತು ಅದರ ಚಕ್ರದ ನಡುವಿನ ಸಡಿಲ ಇದ್ದಲ್ಲೇ ಇದೆ. ಡೆಕ್ ಅಕ್ಷದಲ್ಲಿ ಅದು ಹೇಗೆ ಕಾಡುತ್ತದೆ ಎಂಬುದು ಮುಂದೆ ಬರುತ್ತದೆ.

ಕಂಪನಿ ಹೇಳುವ ಹೊರೆ 20 ಕೆಜಿ. ಕಣ್ಣಿಟ್ಟು ನೋಡುವುದಕ್ಕೆ ಸರಿ, ಫೋಟೋಗ್ರಫಿಗೆ ಮೂರರಲ್ಲಿ ಎರಡು ಪಾಲು, ಅಂದರೆ 13 ಕೆಜಿ ಸುತ್ತಮುತ್ತ ನಿಲ್ಲಿಸುವುದು ಜಾಣತನ. ತೂಕಕ್ಕಿಂತ ಉದ್ದ ಹೆಚ್ಚು ತೊಂದರೆ ಕೊಡುತ್ತದೆ. ಗಿಡ್ಡ ಟ್ಯೂಬಿನ 12 ಕೆಜಿ ಅಲುಗದೆ ಕೂತರೆ, ಉದ್ದನೆಯ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ) ಟ್ಯೂಬಿನ 10 ಕೆಜಿ ಗಾಳಿ ಬೀಸಿದಾಗಲೆಲ್ಲ ಗೈಡಿಂಗ್ ಗ್ರಾಫನ್ನು ಗರಗಸ ಮಾಡುತ್ತದೆ. ಗೈಡಿಂಗ್ ಎಂದರೆ ಒಂದು ನಕ್ಷತ್ರವನ್ನು ಕ್ಯಾಮೆರಾದಲ್ಲಿ ನೋಡುತ್ತ ಮೌಂಟಿನ ತಪ್ಪನ್ನು ಆಗಾಗ ತಿದ್ದುವುದು. ಇಲ್ಲಿ ಗೂಡಿನ ಗೋಡೆ ನೆರವಿಗೆ ಬರುತ್ತದೆ. ಬಯಲಲ್ಲಿ ಭಾರವೆನಿಸಿದ 8 ಇಂಚಿನ ನ್ಯೂಟೋನಿಯನ್ ಗೋಡೆಯ ಮರೆಯಲ್ಲಿ ಇದೇ ಮೌಂಟಿನ ಮೇಲೆ ನೆಮ್ಮದಿಯಾಗಿರುತ್ತದೆ. ಟ್ಯೂಬಿನ ಅಡಿಯ ಪಟ್ಟಿಯನ್ನು (ಡವ್‌ಟೇಲ್) ಹಿಡಿಯುವ ಸ್ಯಾಡಲ್ ಕಿರಿದಾದ ವಿಕ್ಸೆನ್ ಪಟ್ಟಿಯನ್ನೂ ಅಗಲದ ಲೊಸ್ಮಂಡಿ ಪಟ್ಟಿಯನ್ನೂ ಹಿಡಿಯುತ್ತದೆ. ಕಂಬದ ಮೇಲೆ ಕಾಯಂ ಇಡುವುದಾದರೆ ಅಗಲದ ಪಟ್ಟಿಯನ್ನೇ ಹಾಕಿಸಿ.

ಹಿಂಬಾಲಿಸುವ ಗುಣ, ಲೆಕ್ಕದ ಪ್ರಕಾರ

ಗೈಡಿಂಗ್ ಸರಿಯಾಗಿ ಕೂರಿಸಿದ ಇಕ್ಯೂ6-ಆರ್ ಸಾಮಾನ್ಯವಾಗಿ ಒಟ್ಟು 0.5ರಿಂದ 0.8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು) ಆರ್‌ಎಂಎಸ್ (ತಪ್ಪಿನ ಸರಾಸರಿ ಅಳತೆ) ಕೊಡುತ್ತದೆ. ಇದು 0.4ಕ್ಕೆ ಇಳಿಯಬೇಕೆಂದು ರಾತ್ರಿಗಟ್ಟಲೆ ಗ್ರಾಫ್ ನೋಡುತ್ತ ಕೂರುವವರು ಒಂದು ಲೆಕ್ಕ ಮಾಡಿ ನೋಡಬೇಕು. 800 ಮಿ.ಮೀ. ಫೋಕಲ್ ದೂರಕ್ಕೆ 3.76 ಮೈಕ್ರಾನ್ ಪಿಕ್ಸೆಲಿನ ಕ್ಯಾಮೆರಾ ಹಾಕಿದರೆ ಒಂದು ಪಿಕ್ಸೆಲ್‌ಗೆ 0.97 ಆರ್ಕ್‌ಸೆಕೆಂಡ್ (206.265ನ್ನು ಪಿಕ್ಸೆಲ್ ಅಳತೆಯಿಂದ ಗುಣಿಸಿ ಫೋಕಲ್ ದೂರದಿಂದ ಭಾಗಿಸಿ). ಒಟ್ಟು ಆರ್‌ಎಂಎಸ್ 0.7 ಎಂದರೆ ಒಂದೊಂದು ಅಕ್ಷಕ್ಕೆ ಸುಮಾರು 0.5, ನಕ್ಷತ್ರದ ಅರ್ಧ ಎತ್ತರದ ಅಗಲಕ್ಕೆ (ಹೊಳಪು ಅರ್ಧಕ್ಕಿಳಿಯುವಲ್ಲಿ ಚಿತ್ರದ ಚುಕ್ಕೆ ಎಷ್ಟು ಅಗಲ ಎಂಬುದು) ಅದರ ಪಾಲು ಸುಮಾರು 1.2 ಆರ್ಕ್‌ಸೆಕೆಂಡ್. ವಾತಾವರಣವೇ ನಕ್ಷತ್ರವನ್ನು 3 ಆರ್ಕ್‌ಸೆಕೆಂಡಿಗೆ ಹರಡುತ್ತಿದ್ದರೆ ಎರಡೂ ಸೇರಿ 3.2 ಆಗುತ್ತದೆ, ಏಕೆಂದರೆ ಇವು ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡಬೇಕು. 0.4ಕ್ಕೆ ಇಳಿಸಿದರೂ ಸಿಗುವುದು 3.1. ಈ ವ್ಯತ್ಯಾಸ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳದು. ಗಾಳಿ ತೀರಾ ಶಾಂತವಾಗಿ 1.5 ಆರ್ಕ್‌ಸೆಕೆಂಡ್ ಸಿಗುವ ಜಾಗದಲ್ಲಿ ಮಾತ್ರ 1.9 ಮತ್ತು 1.6ರ ಅಂತರ ನಿಜಕ್ಕೂ ಕಾಣುತ್ತದೆ. ಅಂಥ ಜಾಗವಿದ್ದು, ಎರಡು ಮೀಟರ್ ಫೋಕಲ್ ದೂರದ ದರ್ಶಕವಿದ್ದವರು ಎನ್‌ಕೋಡರ್ (ಅಕ್ಷದ ನಿಜ ಸ್ಥಾನ ಓದುವ ಸಾಧನ) ಇರುವ ಮೌಂಟ್ ನೋಡುವುದು ಒಳ್ಳೆಯದು. ಉಳಿದವರು ಒಟ್ಟು ಅಂಕಿಯ ಹಿಂದೆ ಬೀಳುವ ಬದಲು ಆರ್‌ಎ, ಡೆಕ್ ಎರಡರ ಅಂಕಿ ಹತ್ತಿರವಿದೆಯೇ ನೋಡಿಕೊಳ್ಳಲಿ. 0.4 ಮತ್ತು 0.8ರ ಜೋಡಿ ನಕ್ಷತ್ರವನ್ನು ಮೊಟ್ಟೆ ಮಾಡುತ್ತದೆ, 0.6 ಮತ್ತು 0.6 ಮಾಡುವುದಿಲ್ಲ.

ಆರ್‌ಎಯಲ್ಲಿ ಎದ್ದು ಕಾಣುವುದು ಆ 479 ಸೆಕೆಂಡಿನ ಅಲೆ, ಅಂದರೆ ವರ್ಮ್‌ನ ಪ್ರತಿ ಸುತ್ತಿಗೂ ಮರುಕಳಿಸುವ ತಪ್ಪು. ಅದರ ಎತ್ತರ ಒಂದೊಂದು ಮೌಂಟಿಗೆ ಒಂದೊಂದು ಥರ, ಆದರೆ ಅಲೆ ನಯವಾದದ್ದು, ಗೈಡಿಂಗ್‌ಗೆ ಸಲೀಸಾಗಿ ಸಿಗುತ್ತದೆ. ಗೈಡಿಂಗ್ ತಂತ್ರಾಂಶವಾದ ಪಿಎಚ್‌ಡಿ2ರಲ್ಲಿ ಆರ್‌ಎಗೆ ಪ್ರಿಡಿಕ್ಟಿವ್ ಪಿಇಸಿ (ಮರುಕಳಿಸುವ ತಪ್ಪನ್ನು ಮೊದಲೇ ಊಹಿಸಿ ತಿದ್ದುವ ವಿಧಾನ) ಆರಿಸಿ ಅವಧಿಗೆ 479 ಎಂದು ಬರೆದರೆ ಮೊದಲ ಕೆಲವು ಸುತ್ತಿನಲ್ಲೇ ಅದು ಅಲೆಯನ್ನು ಕಲಿಯುತ್ತದೆ. ಕಂಪ್ಯೂಟರಿನಿಂದ ಮೌಂಟ್ ನಡೆಸುವ ಇಕ್ಯೂಮಾಡ್ ತಂತ್ರಾಂಶದ ಪಿಇಸಿಯನ್ನೂ ತರಬೇತಿ ಮಾಡಬಹುದು. ಕನಿಷ್ಠ ಐದು ಸುತ್ತು, ಅಂದರೆ 40 ನಿಮಿಷ, ಮೋಡವಿಲ್ಲದ ಆಕಾಶ ಬೇಕು. ಅದರ ಹಿಕಮತ್ತು ಇರುವುದು ಪಾರ್ಕ್ ಮಾಡುವುದರಲ್ಲಿ, ಅಂದರೆ ಕೆಲಸ ಮುಗಿದ ಮೇಲೆ ಮೌಂಟನ್ನು ಗೊತ್ತಾದ ಭಂಗಿಗೆ ತಂದು ನಿಲ್ಲಿಸುವುದರಲ್ಲಿ. ವರ್ಮ್ ಎಲ್ಲಿ ನಿಂತಿದೆ ಎಂಬುದು ಮೌಂಟಿನ ಎಣಿಕೆಯಿಂದಲೇ ಗೊತ್ತಾಗಬೇಕು. ಪಾರ್ಕ್ ಮಾಡದೆ ಸ್ವಿಚ್ ಆರಿಸಿದರೆ ಎಣಿಕೆ ತಪ್ಪುತ್ತದೆ, ಅಲೆಗೆ ಎದುರು ಹೋಗಬೇಕಾದ ತಿದ್ದುಪಡಿ ಅಲೆಯ ಜೊತೆಗೇ ಕೂಡಿಕೊಂಡು ದೋಷವನ್ನು ಹೆಚ್ಚಿಸುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಕೆಟ್ಟಿತು’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಡೆಕ್ ಅಕ್ಷದ ಹಟ

ಈ ಮೌಂಟಿನ ಮೇಲಿನ ನಿಜವಾದ ದೂರು ಇಲ್ಲಿದೆ. ಗ್ರಾಫಿನಲ್ಲಿ ಅದು ಹೀಗೆ ಕಾಣುತ್ತದೆ: ಡೆಕ್ ಗೆರೆ ನಿಧಾನವಾಗಿ ಕೆಳಗಿಳಿದು ಒಂದೂವರೆ ಆರ್ಕ್‌ಸೆಕೆಂಡಿನಲ್ಲಿ ನಿಲ್ಲುತ್ತದೆ. ತಂತ್ರಾಂಶ ಉತ್ತರಕ್ಕೆ ಒಂದು ಪಲ್ಸ್ (ಮೋಟರಿಗೆ ಕ್ಷಣಕಾಲದ ಓಡುವ ಆದೇಶ) ಕೊಡುತ್ತದೆ. ಗೆರೆ ಅಲುಗುವುದಿಲ್ಲ. ಮತ್ತೊಂದು, ಮಗದೊಂದು, ಆರೇಳು ಪಲ್ಸ್ ಸಾಲಾಗಿ ಬಿದ್ದರೂ ನಕ್ಷತ್ರ ಕೂತಲ್ಲೇ ಕೂತಿರುತ್ತದೆ. ಆಮೇಲೆ ಏಕಾಏಕಿ ಗೆರೆ ಮೇಲಕ್ಕೆ ಹಾರಿ ಆಚೆ ಬದಿಗೆ ಎರಡು ಆರ್ಕ್‌ಸೆಕೆಂಡ್ ದಾಟಿ ನಿಲ್ಲುತ್ತದೆ, ಈಗ ದಕ್ಷಿಣದ ಪಲ್ಸ್‌ಗಳ ಸರದಿ. ಮೊದಲ ಪಲ್ಸ್‌ಗಳೆಲ್ಲ ವರ್ಮ್ ಹಲ್ಲು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ದಾಟುವ ಖಾಲಿ ಜಾಗದಲ್ಲಿ ಕರಗಿಹೋಗುತ್ತವೆ. ಪಿಎಚ್‌ಡಿ2ರ ಗೈಡಿಂಗ್ ಅಸಿಸ್ಟೆಂಟ್ ಈ ಜಾಗವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆದು ಕೊಡುತ್ತದೆ. ಗೈಡ್ ವೇಗ 0.5 (ನಕ್ಷತ್ರಗಳ ವೇಗದ ಅರ್ಧ) ಇದ್ದಾಗ ಸೆಕೆಂಡಿಗೆ ಏಳೂವರೆ ಆರ್ಕ್‌ಸೆಕೆಂಡ್. 3000 ಮಿಲಿಸೆಕೆಂಡ್ ಎಂದು ಬಂದರೆ 22 ಆರ್ಕ್‌ಸೆಕೆಂಡಿಗೂ ಹೆಚ್ಚಿನ ಸಡಿಲ ಎಂದರ್ಥ.

ಅಳೆಯುವ ಮೊದಲು ಇಕ್ಯೂಮಾಡ್‌ನಲ್ಲಿ ಗೈಡ್ ವೇಗ ಎಷ್ಟಿದೆ ನೋಡಿ. 0.1 ಇದ್ದರೆ ಕ್ಯಾಲಿಬ್ರೇಷನ್ ಮುಗಿಯುವುದೇ ಇಲ್ಲ, ಮೌಂಟಿನ ಮೇಲೆ ಸುಳ್ಳು ಆರೋಪ ಬರುತ್ತದೆ. 0.5ರಿಂದ 0.9ರೊಳಗೆ ಇಡಿ.

ಅಲೆನ್ ಕೀ ಹಿಡಿಯುವ ಮೊದಲು ಸುಲಭದ ದಾರಿ ಎರಡಿವೆ. ಒಂದು, ಡೆಕ್ ಅಕ್ಷವನ್ನು ಕರಾರುವಾಕ್ಕಾಗಿ ತೂಗಿಸದೆ ಒಂದು ಬದಿಗೆ ತುಸು ಭಾರ ಬಿಡುವುದು. ಆಗ ಹಲ್ಲು ಸದಾ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ಎರಡು, ಧ್ರುವ ಹೊಂದಿಕೆಯಲ್ಲಿ (ಆರ್‌ಎ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು) ಬೇಕೆಂದೇ 2–3 ಆರ್ಕ್‌ಮಿನಿಟ್ (ಒಂದಕ್ಕೆ 60 ಆರ್ಕ್‌ಸೆಕೆಂಡ್) ತಪ್ಪು ಬಿಡುವುದು. ಒಂದು ಆರ್ಕ್‌ಮಿನಿಟ್ ತಪ್ಪಿಗೆ ಡೆಕ್ ಜಾರುವುದು ಹೆಚ್ಚೆಂದರೆ ಗಂಟೆಗೆ 15.7 ಆರ್ಕ್‌ಸೆಕೆಂಡ್. ಎರಡು ಮೂರು ಆರ್ಕ್‌ಮಿನಿಟ್ ತಪ್ಪಿದ್ದರೆ ನಕ್ಷತ್ರ ಒಂದೇ ದಿಕ್ಕಿಗೆ ನಿಧಾನವಾಗಿ ಜಾರುತ್ತಿರುತ್ತದೆ, ಡೆಕ್ ಗೈಡಿಂಗನ್ನು ಅದರ ಎದುರು ದಿಕ್ಕಿಗಷ್ಟೇ ಬಿಟ್ಟರೆ ಹಲ್ಲು ಮಗ್ಗುಲು ಬದಲಿಸುವ ಪ್ರಸಂಗವೇ ಬರದು. ಮೆರಿಡಿಯನ್ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ದಾಟಿದ ಮೇಲೂ ಆಕಾಶದ ಬೇರೆ ಭಾಗಕ್ಕೆ ತಿರುಗಿದಾಗಲೂ ಜಾರುವ ದಿಕ್ಕು ಬದಲಾಗಬಹುದು, ಅದನ್ನು ನೋಡಿಕೊಂಡು ಬದಲಿಸಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ವರ್ಮ್ ಬಿಗಿ ಮಾಡಬಹುದು. ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಕಡಿಮೆ. ಪ್ರತಿ ಸಲವೂ ಅಕ್ಷವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಮೋಟರಿನ ದನಿ ಕೇಳಿ, ಏಕೆಂದರೆ ಚಕ್ರ ಪೂರಾ ದುಂಡಗಿರುವುದಿಲ್ಲ, ಒಂದು ಕಡೆ ಸರಿ ಎನಿಸಿದ ಬಿಗಿ ಇನ್ನೊಂದು ಕಡೆ ಹಿಡಿದುಕೊಳ್ಳುತ್ತದೆ. ದನಿ ಎಲ್ಲಾದರೂ ನರಳಿದಂತೆ ಬಂದರೆ ಅಷ್ಟು ಹಿಂದೆ ಬನ್ನಿ. ಸಡಿಲ ಸೊನ್ನೆ ಮಾಡುವ ಹಟ ಬೇಡ. ಹೊರಗಿನ ಅಲ್ಯುಮಿನಿಯಂ ಮೈ ಚಳಿಗೆ ಒಳಗಿನ ಹಿತ್ತಾಳೆಗಿಂತ ಹೆಚ್ಚು ಕುಗ್ಗುತ್ತದೆ; ಬಿಸಿಲಿನ ಮಧ್ಯಾಹ್ನ ಸರಿಯಾಗಿ ಕೂತ ವರ್ಮ್ ಬೆಳಗಿನ ನಾಲ್ಕಕ್ಕೆ ಕಚ್ಚಿಕೊಳ್ಳಬಹುದು. ಸಂಜೆ ತಂಪಾದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಕಂಬಕ್ಕೆ ಕೂರಿಸುವಾಗ

ಸ್ಟ್ಯಾಂಡಿನ ತಲೆಯ ಮೇಲೆ ಒಂದು ಗಿಡ್ಡ ಗೂಟ ಇರುತ್ತದೆ. ಮೌಂಟಿನ ಎರಡು ಅಜಿಮತ್ (ಎಡ-ಬಲ ಹೊಂದಿಸುವ) ತಿರುಪುಗಳು ಎದುರುಬದುರಾಗಿ ಒತ್ತುವುದು ಅದನ್ನೇ. ಕಂಬದ ಮೇಲಿನ ತಟ್ಟೆಯನ್ನು ಲೇತ್‌ನಲ್ಲಿ ಮಾಡಿಸುವವರು ನಡುವಿನ ಬೋಲ್ಟಿನ ತೂತು ಕೊರೆಸಿ ಈ ಗೂಟವನ್ನು ಮರೆತುಬಿಡುತ್ತಾರೆ; ಮೌಂಟ್ ಕೂರುತ್ತದೆ, ಆದರೆ ಉತ್ತರಕ್ಕೆ ಹೊಂದಿಸಲು ತಿರುಪುಗಳಿಗೆ ಒತ್ತಲು ಏನೂ ಇರುವುದಿಲ್ಲ. ಗೂಟದ ದಪ್ಪ, ನಡುವಿನಿಂದ ಅದರ ದೂರ, ನಡುಬೋಲ್ಟಿನ ಅಳತೆ, ಮೂರನ್ನೂ ಸ್ಟ್ಯಾಂಡಿನಿಂದಲೇ ಕ್ಯಾಲಿಪರ್ ಇಟ್ಟು ತೆಗೆದುಕೊಳ್ಳಿ. ಸ್ಟ್ಯಾಂಡ್ ಆ ಮಟ್ಟಿಗೆ ಉಪಯೋಗಕ್ಕೆ ಬಂತು.

ಎರಡು ತಟ್ಟೆಗಳ ನಡುವೆ ಉದ್ದನೆಯ ಸ್ಟಡ್ ಇಟ್ಟು ಪಂಜರ ಮಾಡುವ ವಿನ್ಯಾಸ ಎಲ್ಲೆಡೆ ಕಾಣುತ್ತದೆ. ಕೈಯಾಡಿಸಲು ಅನುಕೂಲ, ಅಲುಗಾಟಕ್ಕೂ ಅನುಕೂಲ. ಸ್ಟಡ್ ಬಾಗುವುದು ಅದರ ಉದ್ದದ ಘನಕ್ಕೆ ತಕ್ಕಂತೆ: 150 ಮಿ.ಮೀ. ಬದಲು 50 ಮಿ.ಮೀ. ಬಿಟ್ಟರೆ ಬಾಗುವುದು 27 ಪಟ್ಟು ಕಡಿಮೆ. ಮಟ್ಟ ಹಿಡಿಯಲು ಅಷ್ಟು ಜಾಗ ಸಾಕು. ಕಂಬದ ಕಾಂಕ್ರೀಟ್ ಬುಡಕ್ಕೂ ಗೂಡಿನ ನೆಲಕ್ಕೂ ಸುತ್ತ ಎರಡು ಬೆರಳಿನ ಸಂದು ಇರಲಿ, ಇಲ್ಲವಾದರೆ ಒಳಗೆ ಓಡಾಡಿದ ಹೆಜ್ಜೆಯೆಲ್ಲ ಚಿತ್ರದಲ್ಲಿ ಬರುತ್ತದೆ.

ಸಮಭಾಜಕಕ್ಕೆ ಹತ್ತಿರ ಇರುವವರಿಗೆ ಇನ್ನೊಂದು ತಲೆನೋವು. ಅಕ್ಷಾಂಶ ಕಡಿಮೆಯಾದಷ್ಟೂ ಧ್ರುವಾಕ್ಷ ಮಲಗುತ್ತದೆ, ಕೌಂಟರ್‌ವೇಟ್ ದಂಡ ನೇರ ಕೆಳಕ್ಕೆ ಬಂದು ಕಂಬದ ಮೈಗೆ ತಾಗುವಷ್ಟು ಹತ್ತಿರವಾಗುತ್ತದೆ. ಕಂಬದ ಮೇಲ್ಭಾಗ ಸಪೂರವಿರಬೇಕು, ಬಿಲ್ಲೆಗಳನ್ನು ದಂಡದ ಮೇಲ್ತುದಿಗೆ ಏರಿಸಬೇಕು. ಅದಕ್ಕೆ ಮೂರನೇ ಬಿಲ್ಲೆ ಬೇಕಾದರೂ ಸರಿ. ತೂಕ ಅಕ್ಷಕ್ಕೆ ಹತ್ತಿರ ಬಂದಷ್ಟು ಮೋಟರಿಗೂ ಹಗುರ. ಧ್ರುವ ನಕ್ಷತ್ರ ಮರಗಳ ಹಿಂದೆ ಮುಳುಗಿದ್ದರೆ ಚಿಂತೆಯಿಲ್ಲ. ನೀನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಆಕಾಶದ ಯಾವ ಮೂಲೆಯ ಮೂರು ಚಿತ್ರಗಳಿಂದಲೂ ಧ್ರುವದ ತಪ್ಪನ್ನು ಲೆಕ್ಕ ಹಾಕುತ್ತದೆ. ಮೌಂಟಿನ ಜೊತೆ ಬರುವ ಪೋಲಾರ್ ಸ್ಕೋಪ್ (ಧ್ರುವ ನಕ್ಷತ್ರ ನೋಡಿ ಹೊಂದಿಸುವ ಸಣ್ಣ ದರ್ಶಕ) ವೀಕ್ಷಣಾಲಯದಲ್ಲಿ ಕೆಲಸವಿಲ್ಲದ ಅತಿಥಿ. ಎತ್ತರ ಹೊಂದಿಸುವಾಗ ಕೊನೆಯ ತಿರುವು ಯಾವಾಗಲೂ ಮೇಲ್ಮುಖವಾಗಿರಲಿ. ಕೆಳಕ್ಕಿಳಿಸಿ ಬಿಟ್ಟರೆ ಭಾರ ರಾತ್ರಿಯೆಲ್ಲ ನಿಧಾನವಾಗಿ ಕುಸಿಯುತ್ತಿರುತ್ತದೆ.

ಕರೆಂಟ್ ಮತ್ತು ಕೇಬಲ್

12 ವೋಲ್ಟ್, 4 ಆಂಪಿಯರ್ ಎಂದು ಬರೆದಿದ್ದಾರೆ. ಮೀಟರ್ ಹಿಡಿಯಬೇಕಾದದ್ದು ಅಡಾಪ್ಟರಿನ ಬಾಯಲ್ಲಲ್ಲ, ಮೌಂಟಿನ ಬಾಯಲ್ಲಿ, ಅದೂ ಎರಡು ಮೋಟರ್‌ಗಳು ವೇಗವಾಗಿ ಓಡುವಾಗ. ಮನೆಯಿಂದ ಗೂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ: 1 ಚದರ ಮಿ.ಮೀ. ತಂತಿಯಲ್ಲಿ ಹೋಗಿಬರುವ 20 ಮೀಟರಿಗೆ 0.35 ಓಮ್, 4 ಆಂಪಿಯರಿಗೆ 1.4 ವೋಲ್ಟ್ ದಾರಿಯಲ್ಲೇ ಖರ್ಚು. 12 ಹೊರಟದ್ದು ಹತ್ತೂವರೆಯಾಗಿ ತಲುಪುತ್ತದೆ, ಕೆಂಪು ದೀಪ ಮಿಟುಕುತ್ತದೆ, ಮೌಂಟ್ ಸ್ಲ್ಯೂ (ಒಂದು ಗುರಿಯಿಂದ ಇನ್ನೊಂದಕ್ಕೆ ವೇಗದ ಓಟ) ನಡುವೆ ಹೆಜ್ಜೆ ತಪ್ಪುತ್ತದೆ. 2.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.56 ವೋಲ್ಟ್‌ಗೆ ಇಳಿಯುತ್ತದೆ. 13.8 ವೋಲ್ಟಿನ ಸ್ಥಿರ ಸಪ್ಲೈಯನ್ನು ಗೂಡಿನೊಳಗೇ ಇಡುವುದು ಇನ್ನೂ ಒಳ್ಳೆಯದು. ಇಕ್ಯೂಮಾಡ್‌ನಲ್ಲಿ ನಕ್ಷತ್ರಗಳ ವೇಗದ 800 ಪಟ್ಟು ಇರುವ ಸ್ಲ್ಯೂ ವೇಗವನ್ನು 400ಕ್ಕೆ ಇಳಿಸಿ. ಕಾಯಂ ಮೌಂಟಿಗೆ ಅವಸರವೇನಿಲ್ಲ.

ಮೌಂಟಿನಲ್ಲೇ ಯುಎಸ್‌ಬಿ ಪೋರ್ಟ್ ಇರುವುದು ದೊಡ್ಡ ಅನುಕೂಲ, ಕಂಪ್ಯೂಟರಿಗೆ ಜೋಡಿಸಲು ಹ್ಯಾಂಡ್‌ಸೆಟ್ (ಕೈಯಲ್ಲಿ ಹಿಡಿಯುವ ಗುಂಡಿಗಳ ನಿಯಂತ್ರಕ) ಮತ್ತು ವಿಶೇಷ ಕೇಬಲ್ ಎರಡೂ ತಪ್ಪಿದವು. ಬಾಡ್ ವೇಗ (ಕೇಬಲಿನಲ್ಲಿ ಮಾಹಿತಿ ಸಾಗುವ ವೇಗ) 115200 ಎಂದು ಕೊಡಿ. ಹ್ಯಾಂಡ್‌ಸೆಟ್ ಪೋರ್ಟಿನ ಇಕ್ಯೂಡಿರ್ ಕೇಬಲಿಗೆ ಬಳಸುವ 9600 ಇಲ್ಲಿ ನಡೆಯದು, ಮೊದಲ ರಾತ್ರಿಯ ‘ಮೌಂಟ್ ಸಿಗುತ್ತಿಲ್ಲ’ ದೂರುಗಳಲ್ಲಿ ಅರ್ಧ ಇದೇ.

ಕೇಬಲ್ ಒಳಗಿನಿಂದ ಹಾಯಿಸುವ ದಾರಿ ಈ ಮೌಂಟಿನಲ್ಲಿ ಇಲ್ಲ, ಇದು ಕೊರತೆಯೇ. ಯುಎಸ್‌ಬಿ ಹಬ್ ಮತ್ತು ಪವರ್ ಹಂಚುವ ಡಬ್ಬಿಯನ್ನು ಟ್ಯೂಬಿನ ಬೆನ್ನ ಮೇಲೇ ಕೂರಿಸಿದರೆ ಕೆಳಗಿಳಿಯುವುದು ಎರಡೇ ತಂತಿ. ಅವನ್ನು ಡೆಕ್ ಅಕ್ಷದ ನಡುವಿಗೆ ಹತ್ತಿರ ಕಟ್ಟಿ, ಅಲ್ಲಿಂದ ಸಡಿಲ ಕುಣಿಕೆ ಬಿಡಿ. ಪ್ರತಿ ರಾತ್ರಿ ಆಕಾಶದ ಅದೇ ಕೋನದಲ್ಲಿ ಗೈಡಿಂಗ್ ಕೆಟ್ಟರೆ ಗೇರನ್ನು ಬೈಯಬೇಡಿ, ಎಲ್ಲೋ ತಂತಿ ಎಳೆಯುತ್ತಿದೆ. ತೂಗಿಸುವುದು ತಂತಿಗಳೆಲ್ಲ ಕಟ್ಟಿದ ಮೇಲೆ, ಮೊದಲು ಡೆಕ್, ಆಮೇಲೆ ಆರ್‌ಎ. ಆರ್‌ಎಯಲ್ಲಿ ಪೂರ್ವದ ಬದಿ ಒಂದಿಷ್ಟು ಭಾರವಿರಲಿ.

ಛಾವಣಿಗೂ ಮೌಂಟಿಗೂ ಇರುವ ಜಗಳ

ಇದೇ ಕಂಪನಿಯ ದೊಡ್ಡ ಮೌಂಟ್ ಇಕ್ಯೂ8ರಲ್ಲಿರುವ ಹೋಮ್ ಸೆನ್ಸರ್ (ಆರಂಭದ ಸ್ಥಾನ ಗುರುತಿಸುವ ಸಾಧನ) ಇದರಲ್ಲಿಲ್ಲ. ಅಕ್ಷದ ಸ್ಥಾನ ಓದುವ ಎನ್‌ಕೋಡರ್ ಕೂಡ ಇಲ್ಲ. ಮೋಟರಿಗೆ ಎಷ್ಟು ಹೆಜ್ಜೆ ಕೊಟ್ಟಿತೆಂಬ ಎಣಿಕೆಯೇ ಇದರ ಜ್ಞಾನವೆಲ್ಲ. ನಡುವೆ ಕರೆಂಟ್ ಹೋದರೆ, ಕ್ಲಚ್ ಜಾರಿದರೆ, ಯಾರಾದರೂ ಟ್ಯೂಬನ್ನು ಕೈಯಿಂದ ತಳ್ಳಿದರೆ, ಮೌಂಟ್ ಪಶ್ಚಿಮಕ್ಕೆ ಮುಖ ಮಾಡಿದ್ದರೂ ತಾನು ಪಾರ್ಕ್ ಆಗಿದ್ದೇನೆ ಎಂದೇ ತಿಳಿದಿರುತ್ತದೆ, ಕಂಪ್ಯೂಟರಿಗೂ ಹಾಗೇ ಹೇಳುತ್ತದೆ. ಅದನ್ನು ನಂಬಿ ಛಾವಣಿ ಮುಚ್ಚಿದರೆ ಕ್ಯಾಮೆರಾಕ್ಕೂ ಕಬ್ಬಿಣಕ್ಕೂ ಮುಖಾಮುಖಿ. ಪಕ್ಕದಲ್ಲಿ ನಿಂತು ಛಾವಣಿ ಎಳೆಯುವವರಿಗೆ ಇದು ಸಮಸ್ಯೆಯಲ್ಲ. ಮಲಗಿ ನಿದ್ದೆ ಮಾಡುವವರಿಗೆ ಇದೇ ಈ ಮೌಂಟಿನ ಅತಿ ದೊಡ್ಡ ಕೊರತೆ, ಡೆಕ್ ಸಡಿಲಕ್ಕಿಂತ ದೊಡ್ಡದು.

ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಕಟ್ಟುವ ದಿನವೇ ಇದೆ: ಟ್ಯೂಬ್ ಯಾವ ಭಂಗಿಯಲ್ಲಿದ್ದರೂ ಛಾವಣಿ ಮೇಲಿನಿಂದ ಹಾದುಹೋಗುವಷ್ಟು ಕಂಬವನ್ನು ತಗ್ಗಿಸಿ. ದಿಗಂತದ ಹತ್ತಿರದ ಕೆಲವು ಡಿಗ್ರಿ ಆಕಾಶ ಕೈತಪ್ಪುತ್ತದೆ. ಅಲ್ಲಿ ಹೇಗೂ ಒಳ್ಳೆಯ ಚಿತ್ರ ಸಿಗದು. ಅದು ಸಾಧ್ಯವಿಲ್ಲದಿದ್ದರೆ ಒಂದೊಂದು ಅಕ್ಷಕ್ಕೆ ಒಂದು ಅಯಸ್ಕಾಂತ, ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್). ಎರಡನ್ನೂ ಸರಣಿಯಲ್ಲಿ ಜೋಡಿಸಿ ಛಾವಣಿ ಮೋಟರಿನ ಮುಚ್ಚುವ ರಿಲೇಗೆ ಕೊಡಿ. ಎರಡೂ ಅಕ್ಷ ನಿಜಕ್ಕೂ ಪಾರ್ಕ್ ಜಾಗದಲ್ಲಿದ್ದರೆ ಮಾತ್ರ ಛಾವಣಿ ಅಲುಗುತ್ತದೆ, ಕಂಪ್ಯೂಟರ್ ಏನೇ ಹೇಳಲಿ. ದಾರಿ ತಪ್ಪಿದ ಮೌಂಟಿಗೆ ತಾನೆಲ್ಲಿದ್ದೇನೆಂದು ಮತ್ತೆ ತಿಳಿಸಲು ಪ್ಲೇಟ್ ಸಾಲ್ವ್ (ಚಿತ್ರದ ನಕ್ಷತ್ರಗಳನ್ನು ನಕ್ಷೆಗೆ ಹೋಲಿಸಿ ಎತ್ತ ನೋಡುತ್ತಿದೆ ಎಂದು ಕಂಡುಹಿಡಿಯುವುದು) ಒಂದು ಸಾಕು. ಒಂದು ಚಿತ್ರ ತೆಗೆದು ಆಸ್ಟ್ಯಾಪ್ ತಂತ್ರಾಂಶಕ್ಕೆ ಕೊಟ್ಟು ಸಿಂಕ್ ಮಾಡಿದರಾಯಿತು. ಆದರೆ ಮಳೆ ಬರುವಾಗ ನಕ್ಷತ್ರ ಕಾಣದು, ಆದ್ದರಿಂದ ಸ್ವಿಚ್ ಬೇಕೇ ಬೇಕು.

ಗೂಡಿನ ತೇವಕ್ಕೆ 10–15 ವ್ಯಾಟಿನ ಸಣ್ಣ ಹೀಟರ್ ಮೌಂಟಿನ ಹೊದಿಕೆಯೊಳಗೆ ಸದಾ ಉರಿಯಲಿ. ಇರುವೆ, ಜೇಡ, ಹಲ್ಲಿಗಳಿಗೆ ಬೆಚ್ಚಗಿನ ಪೋರ್ಟ್‌ಗಳೆಂದರೆ ಪ್ರಾಣ. ಬಳಸದ ತೂತುಗಳನ್ನು ಟೇಪಿನಿಂದ ಮುಚ್ಚಿ. ತಿಂಗಳುಗಟ್ಟಲೆ ಮೋಡವಿದ್ದರೂ ಹದಿನೈದು ದಿನಕ್ಕೊಮ್ಮೆ ಎರಡೂ ಅಕ್ಷಗಳನ್ನು ಪೂರ್ತಿ ತಿರುಗಿಸಿದರೆ ಗ್ರೀಸ್ ಒಂದೇ ಕಡೆ ಗಟ್ಟಿಯಾಗುವುದಿಲ್ಲ. ಗುಡುಗಿನ ಕಾಲದಲ್ಲಿ ಸ್ವಿಚ್ ಆರಿಸಿದರೆ ಸಾಲದು. ಪವರ್ ಪ್ಲಗ್ ಕೀಳಿ, ಮನೆಗೆ ಹೋಗುವ ನೆಟ್‌ವರ್ಕ್ ತಂತಿಯನ್ನೂ ಕೀಳಿ. ಆ ತಂತಿಯನ್ನು ಮರೆತು ಬೋರ್ಡ್ ಸುಟ್ಟುಕೊಳ್ಳುವವರೇ ಹೆಚ್ಚು.

ಯಾರಿಗೆ

ಸ್ಟ್ರೈನ್ ವೇವ್ ಮೌಂಟ್‌ಗಳು (ವರ್ಮ್ ಬದಲು ಬಾಗುವ ತೆಳು ಗೇರಿನಿಂದ ನಡೆಯುವ ಹಗುರ ಮೌಂಟ್) ಬಂದ ಮೇಲೆ ಇಕ್ಯೂ6-ಆರ್ ಹಳತಾಯಿತು ಎಂಬ ಮಾತಿದೆ. ಅವುಗಳಲ್ಲಿ ಒಂದಾದ ಝಡ್‌ಡಬ್ಲ್ಯೂಒ ಎಎಂ5 ಬರೀ 5 ಕೆಜಿ ತೂಗಿ, ಕೌಂಟರ್‌ವೇಟ್ ಇಲ್ಲದೆ 13 ಕೆಜಿ ಹೊರುತ್ತದೆ. ಹೊತ್ತು ತಿರುಗುವವರು ಅದನ್ನೇ ಕೊಳ್ಳಲಿ. ಕಂಬದ ಮೇಲೆ ಕಾಯಂ ಕೂರುವ ಮೌಂಟಿಗೆ ಹಗುರವಿರುವುದರಿಂದ ಲಾಭವಿಲ್ಲ. ಆ ಜಾತಿಯ ಮೌಂಟ್‌ಗಳ ಟ್ರ್ಯಾಕಿಂಗ್ ದೋಷ ದೊಡ್ಡದು, ಅರ್ಧ ಸೆಕೆಂಡ್, ಒಂದು ಸೆಕೆಂಡಿಗೊಮ್ಮೆ ಗೈಡ್ ಮಾಡುತ್ತಲೇ ಇರಬೇಕು. ಇಕ್ಯೂ6-ಆರ್ 2–3 ಸೆಕೆಂಡಿನ ಗೈಡ್ ಎಕ್ಸ್‌ಪೋಷರ್‌ಗೂ ತಾಳಿಕೊಳ್ಳುತ್ತದೆ, ಆದ್ದರಿಂದ ಮಂದ ನಕ್ಷತ್ರವೂ ಗೈಡ್‌ಗೆ ಸಾಕು. ಒಂದು ಮೀಟರ್ ಒಳಗಿನ ಫೋಕಲ್ ದೂರ, 13 ಕೆಜಿ ಒಳಗಿನ ಹೊರೆ, ರೀಡ್ ಸ್ವಿಚ್ ಬೆಸೆಯುವ ತಾಳ್ಮೆ ಇರುವವರಿಗೆ ಇದು ಸಾಕು. ದೂರದಿಂದಲೇ ನಡೆಸುವ, ಕೈ ಮುಟ್ಟಲಾಗದ ವೀಕ್ಷಣಾಲಯಕ್ಕೆ ಇದು ಬೇಡ.

ಕೊಂಡವರು ಹ್ಯಾಂಡ್‌ಸೆಟ್ಟನ್ನು ಡಬ್ಬಿಯಲ್ಲೇ ಬಿಡದೆ ಗೂಡಿನ ಮೊಳೆಗೆ ತೂಗುಹಾಕಿ. ನಡುರಾತ್ರಿ ಕಂಪ್ಯೂಟರ್ ಸತ್ತು, ಹನಿ ಬೀಳಲು ಶುರುವಾದಾಗ ಟ್ಯೂಬನ್ನು ಕೆಳಗಿಳಿಸಲು ಅದರ ಬಾಣದ ಗುಂಡಿಗಳೇ ಗತಿ.